‘ಎಲ್ಲ ಸೌಖ್ಯ’ ಎಂಬ ತಪ್ಪು ಲೆಕ್ಕ



ಬೆಡೋಕ್‌ನಲ್ಲಿ ರಾತ್ರಿ 9.30 ಎಂದರೆ ಊರಲ್ಲಿ ಸಂಜೆ 7. ಡ್ಯೂಟಿ ಮುಗಿಸಿ, ಊಟ ಮಾಡಿ, ನಮ್ಮಲ್ಲಿ ಹೆಚ್ಚಿನವರು ಮನೆಗೆ ಫೋನ್ ಮಾಡುವ ಹೊತ್ತು ಅದು. “ಹೇಗಿದ್ದೀ ಮೋನೇ?” ಎಂದು ಉಮ್ಮ ಕೇಳುತ್ತಾರೆ. “ಎಲ್ಲ ಸೌಖ್ಯ ಉಮ್ಮ” ಎನ್ನುತ್ತೇವೆ. “ಅಲ್ಲಿ?” ಎಂದರೆ ಅವರದ್ದೂ ಅದೇ ಉತ್ತರ. ಇಲ್ಲಿ ಓವರ್‌ಟೈಮ್ ನಿಂತಿರುತ್ತದೆ, ಅಲ್ಲಿ ಉಮ್ಮನ ಶುಗರ್ ಏರಿರುತ್ತದೆ. ಪ್ರೀತಿಯಿಂದಲೇ ಹೇಳಿದ್ದು, ಆದರೆ ಎರಡೂ ಕಡೆ ಸುಳ್ಳು ಲೆಕ್ಕ.

ಲೆಕ್ಕ ಬರೆಯುವುದು ನಮ್ಮ ಕಸುಬು. ಸಾಲ ದೊಡ್ಡದಾಗಿ ಮುಳುಗಿದ ಅಂಗಡಿಗಳಿಗಿಂತ, ಸಾಲವನ್ನು ಪುಸ್ತಕದಲ್ಲಿ ತೋರಿಸದೆ ಮುಳುಗಿದ ಅಂಗಡಿಗಳನ್ನೇ ನಾವು ಹೆಚ್ಚು ಕಂಡಿದ್ದೇವೆ. ಮನಸ್ಸಿನದ್ದೂ ಹಾಗೆಯೇ.

ನಮ್ಮ ಪರಿಚಯದ ಒಬ್ಬರು ಮೂರು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ತಂಗಿಯ ಮದುವೆಯ ಸಾಲ, ಮೇಲಿನಿಂದ ಊರಲ್ಲಿ ಮನೆಗೆ ಮಹಡಿ ಕಟ್ಟುವ ಖರ್ಚು. ರೂಮಿನವರು, “ಇವ ಫೋನ್ ನೋಡಿಕೊಂಡು ಎಚ್ಚರ ಇರ್ತಾನೆ” ಎಂದು ತಮಾಷೆ ಮಾಡುತ್ತಿದ್ದರು. ಒಂದು ಭಾನುವಾರ ಈಸ್ಟ್ ಕೋಸ್ಟ್ ಪಾರ್ಕ್‌ನಲ್ಲಿ ಕುಳಿತು ಅವರ ಸಾಲವನ್ನೆಲ್ಲ ಕಾಗದದಲ್ಲಿ ಬರೆದೆವು. ಒಂದು ರೂಪಾಯಿಯೂ ಕಡಿಮೆ ಆಗಲಿಲ್ಲ. ಆದರೆ ಆ ರಾತ್ರಿ ಅವರು ಹೆಂಡತಿಗೆ ವಿಷಯ ಹೇಳಿದರು. “ಮೊದಲೇ ಹೇಳ್ಬಾರ್ದಿತ್ತಾ? ಮಹಡಿ ಯಾರಿಗೆ ಅರ್ಜೆಂಟ್ ಉಂಟು?” ಎಂದರಂತೆ ಆಕೆ. ಕೆಲಸ ನಿಲ್ಲಿಸಿದರು. ನಿದ್ದೆ ಬಂತು.

ನೀವೂ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದು, ನನ್ನ ಕೈಯಲ್ಲಿರುವುದು: ಮಲಗುವ ಸಮಯ, ಊಟ, ದಿನಕ್ಕೆ ಅರ್ಧ ಗಂಟೆ ನಡಿಗೆ. ಉಳ್ಳಾಲದ ತೆರೆಯ ಅಬ್ಬರ ಇಲ್ಲಿಯ ಸಮುದ್ರಕ್ಕೆ ಇಲ್ಲದಿದ್ದರೂ ಗಾಳಿ ಉಂಟು, ನಡೆಯಲಿಕ್ಕೆ ದುಡ್ಡು ಬೇಡ. ಎರಡನೆಯದು, ಬೇರೆಯವರಲ್ಲಿ ಕೇಳಬೇಕಾದದ್ದು. ಇಲ್ಲಿಯ ಕಾನೂನಿನಂತೆ ಸಂಬಳದ ಅವಧಿ ಮುಗಿದ 7 ದಿನದೊಳಗೆ ಸಂಬಳ ಕೊಡಬೇಕು. ಬಾರದಿದ್ದರೆ ರಾತ್ರಿಯೆಲ್ಲ ಚಿಂತೆ ಮಾಡುವುದಲ್ಲ, ಮಾನವಶಕ್ತಿ ಸಚಿವಾಲಯಕ್ಕೆ ತಿಳಿಸುವುದು. ಮೂರನೆಯದು, ಯಾರ ಕೈಯಲ್ಲೂ ಇಲ್ಲದ್ದು. ಅದನ್ನು ಬರೆದು, ಹಾಳೆ ಮಡಚಿಡಿ.

ಕೆಲವು ಭಾರ ಹಾಳೆಯಲ್ಲಿ ಹಿಡಿಸುವುದಿಲ್ಲ, ಅದು ನಮಗೂ ಗೊತ್ತು. 2020ರ ಏಪ್ರಿಲ್‌ನಿಂದ ಇಲ್ಲಿಯ ಡಾರ್ಮಿಟರಿಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ತಿಂಗಳುಗಟ್ಟಲೆ ಹೊರಗೆ ಹೋಗಲಾಗದೆ ಕಳೆದರು. ಗಟ್ಟಿ ಆಳುಗಳೂ ಆಗ ಕುಸಿದರು. ಅದು ಅವರ ದೌರ್ಬಲ್ಯವಲ್ಲ, ಈಮಾನ್ ಕಡಿಮೆ ಆದದ್ದೂ ಅಲ್ಲ. ಎರಡು ವಾರ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂಬ ಯೋಚನೆ ಒಮ್ಮೆ ಬಂದರೂ, ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೆಯೇ ಹೋಗಬೇಕು. ವಲಸೆ ಕಾರ್ಮಿಕರಿಗಾಗಿ ಹೆಲ್ತ್‌ಸರ್ವ್ ಸಂಸ್ಥೆಯ 3129 5000, ಯಾರಿಗೂ ಸಮರಿಟನ್ಸ್ ಆಫ್ ಸಿಂಗಾಪುರದ 1767, ಎರಡೂ ದಿನದ 24 ಗಂಟೆ ಇರುತ್ತವೆ. ಊರಿನ ಮನೆಯವರಿಗೆ ಟೆಲಿ ಮಾನಸ್ 14416 ಉಂಟು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ರೂಮಿನಲ್ಲಿ ಒಬ್ಬ ಮಾತು ಬಿಟ್ಟರೆ ತಮಾಷೆ ಬೇಡ. ಒಂದು ಚಾ ತಂದುಕೊಟ್ಟು ಪಕ್ಕದಲ್ಲಿ ಕೂತ್ಕೊಳ್ಳಿ. ಸಲಹೆ ಆಮೇಲೆ.

ಇವತ್ತು ರಾತ್ರಿ ಫೋನ್‌ನಲ್ಲಿ “ಎಲ್ಲ ಸೌಖ್ಯ” ಎಂದ ಮೇಲೆ, ನಿಜವಾದ ಒಂದು ಮಾತನ್ನೂ ಸೇರಿಸಿ. “ಈ ತಿಂಗಳು ಸ್ವಲ್ಪ ಕಷ್ಟ ಉಂಟು ಉಮ್ಮ” ಎಂದಷ್ಟೇ ಹೇಳಿದರೂ ಸಾಕು. ಅವರಿಗೂ ಹೇಳಲಿಕ್ಕೆ ಏನೋ ಇರಬಹುದು.