ಪೋಸ್ಟರ್‌ನಲ್ಲಿರೋ ಹೀರೋ ಸಿನಿಮಾದಲ್ಲಿ ಎಲ್ಲಿ?

ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಯಾರೂ ಕ್ಲಾಸಿಕ್ ಸಿನಿಮಾ ನೋಡಲ್ಲ. ಮೂರು ಗಂಟೆಯ, ಅವಾರ್ಡ್ ಬಂದಿರೋ ಸಿನಿಮಾ ಹಾಕೋಣ ಅಂದ್ರೆ ಐದೇ ನಿಮಿಷದಲ್ಲಿ ರೂಮ್ ಖಾಲಿ. ಅದೇ ಯಾರೂ ಹೆಸರು ಕೇಳಿರದ 90 ನಿಮಿಷದ ಕ್ರೈಮ್ ಥ್ರಿಲ್ಲರ್ ಹಾಕಿ ನೋಡಿ. ಪೋಸ್ಟರ್‌ನಲ್ಲಿ ಹಳೇ ಹಾಲಿವುಡ್ ಹೀರೋ ಒಬ್ಬ ಗನ್ ಹಿಡಿದು ನಿಂತಿರಬೇಕು, ಹಿಂದೆ ಏನೋ ಒಂದು ಹತ್ತಿ ಉರೀತಿರಬೇಕು. ಒಂದೇ ಮಂಚದ ಮೇಲೆ ಎಂಟು ಜನ ಅಡ್ಜಸ್ಟ್ ಆಗ್ತಾರೆ.

ಇಂಥ ಸಿನಿಮಾಗಳಿಗೆ ಡೈರೆಕ್ಟ್ ಟು ವಿಡಿಯೊ ಅಂತ ಹೆಸರು. ಥಿಯೇಟರ್‌ಗೆ ಹೋಗದೆ ಸೀದಾ ಮನೆಗೆ ಬರುವ ಸಿನಿಮಾ. ಮೊದಲು ವಿಡಿಯೊ ಕ್ಯಾಸೆಟ್, ಆಮೇಲೆ ಡಿವಿಡಿ, ಈಗ ಓಟಿಟಿ. ಇವುಗಳ ಬಗ್ಗೆ ನಮ್ಮ ಕಡೆ ಎರಡೇ ಅಭಿಪ್ರಾಯ ಕೇಳಿಬರುತ್ತೆ. ಒಂದು, "ಡಬ್ಬಾ ಸಿನಿಮಾ, ಟೈಮ್ ವೇಸ್ಟ್." ಇನ್ನೊಂದು, "ಡಬ್ಬಾ ಅಂತ ಗೊತ್ತು ಮಗಾ, ನಗೋಕೇ ನೋಡೋದು." ಇಬ್ಬರೂ ಜಗಳ ಆಡಿದರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ: ದುಡ್ಡು ಕಡಿಮೆ, ಅದಕ್ಕೇ ಸಿನಿಮಾ ಡಬ್ಬಾ. ನನಗೆ ಡೌಟು ಇರೋದು ಈ ಲಾಜಿಕ್ ಮೇಲೇ. ಇದೇ ಮಾರ್ಕೆಟ್‌ನಲ್ಲಿ, ಇಷ್ಟೇ ಕಡಿಮೆ ದುಡ್ಡಲ್ಲಿ ತುಂಬಾ ಒಳ್ಳೆಯ ಸಿನಿಮಾಗಳೂ ಬಂದಿವೆ. ಹಾಗಾದ್ರೆ ಕೆಡೋದು ಎಲ್ಲಿ?

ಅದಕ್ಕೆ ಮೊದಲು, ಇವು ನಮಗೆ ಇಷ್ಟ ಆಗೋದು ಯಾಕೆ ಅಂತ ನೋಡೋಣ. ಮೊದಲ ಕಾರಣ ಸಿಂಪಲ್. ಹತ್ತು ನಿಮಿಷದಲ್ಲಿ ಕಥೆ ಏನು ಅಂತ ಗೊತ್ತಾಗಿಬಿಡುತ್ತೆ. ಯಾರನ್ನೋ ಕೊಂದರು, ಯಾರೋ ಸೇಡು ತೀರಿಸಿಕೊಳ್ತಾರೆ. ಹಾಡಿಲ್ಲ, ಹೀರೋ ತಂಗಿ ಮದುವೆ ಇಲ್ಲ, ಎರಡನೇ ಭಾಗಕ್ಕೆ ಲೀಡ್ ಕೊಡೋ ಕ್ಲೈಮ್ಯಾಕ್ಸ್ ಇಲ್ಲ. ಎರಡನೇ ಕಾರಣ ನಮ್ಮಂಥ ಇಂಜಿನಿಯರಿಂಗ್ ತಲೆಗಳಿಗೆ ಸ್ಪೆಷಲ್. ದೊಡ್ಡ ಬಜೆಟ್ ಸಿನಿಮಾ ಅಂದ್ರೆ ಡಬ್ಬಿಯೊಳಗೆ ಪ್ಯಾಕ್ ಆಗಿ ಬಂದ ಪ್ರಾಡಕ್ಟ್. ಒಳಗೆ ಏನಾಗ್ತಿದೆ ಅಂತ ಕಾಣಲ್ಲ. ಕಡಿಮೆ ಬಜೆಟ್ ಸಿನಿಮಾ ಬ್ರೆಡ್‌ಬೋರ್ಡ್ ಮೇಲಿನ ಸರ್ಕ್ಯೂಟ್ ಥರ, ಎಲ್ಲ ವೈರೂ ಹೊರಗೇ ಇರುತ್ತೆ. ವಿಲನ್ ಯಾಕೆ ಯಾವಾಗಲೂ ಹಳೇ ಗೋಡೌನ್‌ನಲ್ಲೇ ಇರ್ತಾನೆ? ಬಾಡಿಗೆ ಕಡಿಮೆ, ರಸ್ತೆ ಬ್ಲಾಕ್ ಮಾಡೋಕೆ ಪರ್ಮಿಷನ್ ಬೇಡ, ಮಳೆ ಬಂದರೂ ಶೂಟಿಂಗ್ ನಿಲ್ಲಲ್ಲ. ಕಾರ್ ಚೇಸ್ ಯಾಕೆ ಎರಡನೇ ತಿರುವಿನಲ್ಲೇ ಮುಗಿಯುತ್ತೆ? ಇರೋದು ಎರಡೇ ಕಾರು, ಎರಡನ್ನೂ ಸಂಜೆ ವಾಪಸ್ ಕೊಡಬೇಕು. ಒಮ್ಮೆ ಇದು ಕಾಣೋಕೆ ಶುರುವಾದರೆ, ಪ್ರತಿ ಸೀನ್‌ನಲ್ಲೂ ಡೈರೆಕ್ಟರ್ ಹತ್ತಿರ ಏನಿತ್ತು, ಏನಿರಲಿಲ್ಲ, ಇದ್ದದ್ದರಲ್ಲಿ ಅವನು ಏನು ಮಾಡಿದ ಅಂತ ಓದಬಹುದು.

ಇಲ್ಲಿ ಜಪಾನ್ ಕಥೆ ಹೇಳಲೇಬೇಕು. 1980ರ ದಶಕದಲ್ಲಿ ಅಲ್ಲಿ ವಿಡಿಯೊ ಬಾಡಿಗೆ ಅಂಗಡಿಗಳು ಬೀದಿಬೀದಿಯಲ್ಲಿ ಬಂದವು. ತೋಯೆ ಅನ್ನೋ ದೊಡ್ಡ ಸ್ಟುಡಿಯೊ ಅಂಗಡಿಗಳಿಗೆಂದೇ ಸಿನಿಮಾ ಮಾಡೋಕೆ ಇಳಿಯಿತು. ಆ ಸಾಲಿಗೆ ಇಟ್ಟ ಹೆಸರು ವಿ-ಸಿನಿಮಾ. 1989ರಲ್ಲಿ ಬಂದ ಮೊದಲನೆಯದು 'ಕ್ರೈಮ್ ಹಂಟರ್'. ಜೊತೆಗಾರನನ್ನು ಕಳೆದುಕೊಂಡ ಪೊಲೀಸ್ ಒಬ್ಬನ ಸೇಡಿನ ಕಥೆ. ಉದ್ದ ಸುಮಾರು ಒಂದು ಗಂಟೆ ಅಷ್ಟೆ. ಅದರ ಹಿಂದಿದ್ದ ಯೋಚನೆ ಕೇಳಿದರೆ ನಗು ಬರುತ್ತೆ. ಜನ ಕ್ಯಾಸೆಟ್ ತಂದು ಬೋರಾದ ಕಡೆ ಫಾಸ್ಟ್ ಫಾರ್ವರ್ಡ್ ಒತ್ತುತ್ತಿದ್ದರು. ಹಾಗಾದರೆ ಫಾಸ್ಟ್ ಫಾರ್ವರ್ಡ್ ಒತ್ತೋಕೆ ಜಾಗವೇ ಇಲ್ಲದ ಸಿನಿಮಾ ಮಾಡೋಣ ಅಂತ ತೋಯೆಯವರು ತೀರ್ಮಾನಿಸಿದರು. ಲೆಕ್ಚರ್ ವಿಡಿಯೊಗಳನ್ನೇ 2ಎಕ್ಸ್‌ನಲ್ಲಿ ನೋಡೋ ನಮಗಂತೂ ಈ ಮಾತು ಚೆನ್ನಾಗಿ ಅರ್ಥ ಆಗಬೇಕು.

ಮುಖ್ಯ ವಿಷಯ ಏನಂದ್ರೆ, ಅಲ್ಲಿ ರೂಲ್ಸ್ ಕಮ್ಮಿ ಇತ್ತು. ಗನ್ ಇರಲಿ, ಯಾಕುಜಾ ಅಂದ್ರೆ ಅಲ್ಲಿನ ರೌಡಿ ಗ್ಯಾಂಗ್ ಇರಲಿ, ಬಜೆಟ್ ಮೀರಬೇಡ. ಉಳಿದದ್ದು ನಿನ್ನಿಷ್ಟ. ಇಂಥ ಕಡೆ ಕೆಲಸ ಕಲಿತವರಲ್ಲಿ ತಕಾಶಿ ಮಿಕೆ ಒಬ್ಬರು, ಕಿಯೋಶಿ ಕುರೊಸಾವಾ ಇನ್ನೊಬ್ಬರು. (ಅಕಿರಾ ಕುರೊಸಾವಾಗೂ ಇವರಿಗೂ ಸಂಬಂಧ ಇಲ್ಲ, ಸರ್‌ನೇಮ್ ಒಂದೇ ಅಷ್ಟೆ.) ಕಿಯೋಶಿ 1995 ಮತ್ತು 1996ರಲ್ಲಿ ಇಬ್ಬರು ಚಿಲ್ಲರೆ ರೌಡಿಗಳ ಮೇಲೆ ಒಂದರ ಹಿಂದೆ ಒಂದು ಆರು ವಿಡಿಯೊ ಸಿನಿಮಾ ಮಾಡಿದರು. ಇದೇ ಮನುಷ್ಯ 2020ರಲ್ಲಿ ವೆನಿಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಅತ್ಯುತ್ತಮ ನಿರ್ದೇಶಕ ಅಂತ ಸಿಲ್ವರ್ ಲಯನ್ ತಗೊಂಡರು.

ಅವರ 1998ರ ಎರಡು ಸಿನಿಮಾ ನೋಡಿದ ಮೇಲೆ ಬಜೆಟ್ ಬಗ್ಗೆ ಮಾತಾಡೋರ ಮೇಲೆ ನನಗೆ ತಾಳ್ಮೆ ಉಳಿದಿಲ್ಲ. 'ಸರ್ಪೆಂಟ್ಸ್ ಪಾತ್', 'ಐಸ್ ಆಫ್ ದಿ ಸ್ಪೈಡರ್'. ಎರಡೂ ವಿಡಿಯೊ ಮಾರ್ಕೆಟ್‌ಗೆಂದು ಬೆನ್ನುಬೆನ್ನಿಗೆ ಶೂಟ್ ಮಾಡಿದವು. ಎರಡರಲ್ಲೂ ಶೋ ಐಕಾವಾನೇ ಹೀರೋ. ಎರಡರಲ್ಲೂ ವಿಷಯ ಒಂದೇ: ಕೊಲೆಯಾದ ಮಗಳು, ಸೇಡಿಗೆ ಹೊರಟ ಅಪ್ಪ.

ಮೊದಲನೆಯದರಲ್ಲಿ ಒಬ್ಬ ಅಪ್ಪ, ಅವನ ಜೊತೆಗೆ ಗಣಿತ ಪಾಠ ಮಾಡೋ ಒಬ್ಬ ಮೇಷ್ಟ್ರು, ಒಂದು ಗೋಡೌನ್. ಗ್ಯಾಂಗಿನವನೊಬ್ಬನನ್ನು ಎಳೆದುಕೊಂಡು ಬಂದು ಗೋಡೆಗೆ ಸರಪಳಿಯಲ್ಲಿ ಕಟ್ಟುತ್ತಾರೆ. ಮುಂದೆ ಟಿವಿ ಇಟ್ಟು ಮಗಳ ವಿಡಿಯೊ ಹಾಕುತ್ತಾರೆ. ಅವಳು ಹೇಗೆ ಸತ್ತಳು ಅನ್ನೋ ರಿಪೋರ್ಟನ್ನು ಅಪ್ಪ ಓದುತ್ತಾನೆ. ಮತ್ತೆ ಓದುತ್ತಾನೆ. ಕಟ್ಟಿಹಾಕಿದವನು "ನಾನಲ್ಲ, ಅವನು" ಅಂತ ಇನ್ನೊಬ್ಬನ ಹೆಸರು ಹೇಳುತ್ತಾನೆ. ಇವರು ಹೋಗಿ ಅವನನ್ನೂ ಎಳೆದು ತರುತ್ತಾರೆ. ಸಿನಿಮಾದ ಎಂಜಿನ್ ಇಷ್ಟೇ. ಒಂದು ಗೋಡೌನ್, ಒಂದು ಟಿವಿ, ಒಂದು ಸರಪಳಿ. ದೊಡ್ಡ ಸೆಟ್ ಕೊಟ್ಟಿದ್ದರೆ ಅದು ಕೆಟ್ಟುಹೋಗುತ್ತಿತ್ತು ಅಂತಲೇ ನನಗನಿಸುತ್ತೆ. ಜಾಗ ಬದಲಾಗದೆ ಅದದೇ ಮತ್ತೆ ನಡೆಯೋದರಿಂದಲೇ ಹೊಟ್ಟೆಯಲ್ಲಿ ಸಂಕಟ ಆಗೋದು. ಇನ್ನು ಎರಡನೇ ಸಿನಿಮಾದಲ್ಲಿ ಸೇಡು ಶುರುವಿನಲ್ಲೇ ಮುಗಿದುಹೋಗುತ್ತೆ! ಆಮೇಲೆ ಆ ಅಪ್ಪ ಏನು ಮಾಡಬೇಕು? ಹಳೇ ಕ್ಲಾಸ್‌ಮೇಟ್ ಒಬ್ಬನ ಗ್ಯಾಂಗ್ ಸೇರುತ್ತಾನೆ, ಮೀನು ಹಿಡಿಯುತ್ತಾನೆ, ಖಾಲಿಯಾಗಿ ಓಡಾಡುತ್ತಾನೆ. ಇಂಥ ಸಿನಿಮಾಗಳೆಲ್ಲ ಎಲ್ಲಿ "ಶುಭಂ" ಹಾಕುತ್ತವೋ, ಇದು ಅಲ್ಲಿಂದ ಶುರುವಾಗುತ್ತೆ. ಕಿಯೋಶಿಗೆ ಆ ಗೋಡೌನ್ ಕಥೆ ಎಷ್ಟು ಕಾಡಿತ್ತು ಅಂದ್ರೆ, 2024ರಲ್ಲಿ ಫ್ರಾನ್ಸ್‌ಗೆ ಹೋಗಿ ಫ್ರೆಂಚ್‌ನಲ್ಲಿ ಅದನ್ನೇ ಮತ್ತೆ ಮಾಡಿದರು.

ಈಗ ಅಮೆರಿಕಾಕ್ಕೆ ಬನ್ನಿ. ಅಲ್ಲೂ ಬಜೆಟ್ ಕಡಿಮೆ, ಅಲ್ಲೂ ಥಿಯೇಟರ್ ಇಲ್ಲ, ಆದರೆ ಅವರು ಕಂಡುಕೊಂಡ ದಾರಿ ಬೇರೆ. ಅದಕ್ಕೆ 'ಗೀಜರ್ ಟೀಸರ್' ಅಂತ ಒಂದು ಅಡ್ಡಹೆಸರೇ ಇದೆ. ಚಳಿಗಾಲದಲ್ಲಿ ಕೆಟ್ಟು ಕೂರೋ ನಮ್ಮ ಹಾಸ್ಟೆಲ್ ಗೀಸರ್ ಅಲ್ಲ, ಮುದುಕರನ್ನು ಆಡಿಕೊಳ್ಳೋಕೆ ಇಂಗ್ಲಿಷ್‌ನಲ್ಲಿ ಇರೋ ಪದ. ಫಾರ್ಮುಲಾ ಹೀಗೆ: ಒಂದು ಕಾಲದಲ್ಲಿ ಸ್ಟಾರ್ ಆಗಿದ್ದವರನ್ನು ಒಂದೋ ಎರಡೋ ದಿನಕ್ಕೆ ಕರೆಸು. ಅವರ ಸೀನ್‌ಗಳನ್ನೆಲ್ಲ ಒಂದೇ ಜಾಗದಲ್ಲಿ, ಸಾಧ್ಯವಾದರೆ ಕೂತಲ್ಲೇ ಮುಗಿಸು. ಉಳಿದ 80 ನಿಮಿಷ ಬೇರೆ ಯಾರೋ ಓಡಾಡಲಿ. ಪೋಸ್ಟರ್ ಮೇಲೆ ಮಾತ್ರ ಸ್ಟಾರ್ ಮುಖ ತುಂಬಾ ದೊಡ್ಡದಾಗಿ ಹಾಕು.

ಇದು ಯಾಕೆ ನಡೆಯುತ್ತೆ ಅನ್ನೋದು ಸಿನಿಮಾಕ್ಕಿಂತ ಇಂಟರೆಸ್ಟಿಂಗ್. ಶೂಟಿಂಗ್‌ಗೆ ಮೊದಲೇ ಬೇರೆಬೇರೆ ದೇಶದ ಡಿಸ್ಟ್ರಿಬ್ಯೂಟರ್‌ಗಳಿಗೆ ಆ ಹೆಸರು, ಆ ಪೋಸ್ಟರ್ ತೋರಿಸಿ ಸಿನಿಮಾ ಮಾರುತ್ತಾರೆ. ಆ ಅಗ್ರಿಮೆಂಟ್ ಇಟ್ಟು ಸಾಲ ಎತ್ತುತ್ತಾರೆ. ಶೂಟ್ ಮಾಡೋ ರಾಜ್ಯದಿಂದ ಟ್ಯಾಕ್ಸ್ ರಿಯಾಯಿತಿ ಬೇರೆ. ಅಂದ್ರೆ ಮೊದಲ ಶಾಟ್ ತೆಗೆಯೋ ಹೊತ್ತಿಗೆ ದುಡ್ಡಿನ ಲೆಕ್ಕ ಹೆಚ್ಚುಕಮ್ಮಿ ಮುಗಿದಿರುತ್ತೆ. ಆಮೇಲೆ ಸಿನಿಮಾ ಚೆನ್ನಾಗಿರಬೇಕು ಅನ್ನೋ ಅವಸರ ಯಾರಿಗಿದೆ? ಜಪಾನಿನ ಅಂಗಡಿಗೆ ಮನುಷ್ಯ ಮುಂದಿನ ವಾರ ಮತ್ತೆ ಬರಬೇಕಿತ್ತು. ಇಲ್ಲಿ ನೋಡುವವನು ಒಮ್ಮೆ ಮೋಸಹೋದರೆ ಸಾಕು. ನನ್ನ ಪ್ರಕಾರ ಕೆಡೋದು ಇಲ್ಲಿ.

ಈ ಫಾರ್ಮುಲಾದ ಬೆಲೆ ತೆತ್ತವರು ನೋಡುವವರಷ್ಟೇ ಅಲ್ಲ. ಬ್ರೂಸ್ ವಿಲ್ಲಿಸ್ 1988ರ 'ಡೈ ಹಾರ್ಡ್'ನಲ್ಲಿ ಬರಿಗಾಲಲ್ಲಿ ಒಂದಿಡೀ ಬಿಲ್ಡಿಂಗ್ ಉಳಿಸಿದವರು. ಕೊನೆಯ ವರ್ಷಗಳಲ್ಲಿ ಅವರು ಇಂಥ ಸಿನಿಮಾಗಳನ್ನು ಸಾಲುಸಾಲಾಗಿ ಮಾಡಿದರು. ಕೆಟ್ಟ ಸಿನಿಮಾಗಳಿಗೆ ತಮಾಷೆ ಪ್ರಶಸ್ತಿ ಕೊಡೋ ರ‍್ಯಾಝೀಸ್‌ನವರು 2022ರಲ್ಲಿ ಅವರೊಬ್ಬರಿಗೇ ಒಂದು ವಿಭಾಗ ತೆರೆದರು: 2021ರಲ್ಲಿ ಬ್ರೂಸ್ ವಿಲ್ಲಿಸ್ ಮಾಡಿದ ಅತಿ ಕೆಟ್ಟ ನಟನೆ. ಸ್ಪರ್ಧೆಯಲ್ಲಿ ಅವರದೇ ಎಂಟು ಸಿನಿಮಾ. ಎಲ್ಲರೂ ನಕ್ಕರು. ಪ್ರಶಸ್ತಿ ಘೋಷಿಸಿ ಕೆಲವೇ ದಿನಕ್ಕೆ, ಮಾರ್ಚ್ 30ರಂದು, ಅವರಿಗೆ ಅಫೇಸಿಯಾ ಇದೆ ಅಂತ ಮನೆಯವರು ತಿಳಿಸಿದರು. ಮಾತು ಹೊರಡೋದು, ಬೇರೆಯವರ ಮಾತು ಅರ್ಥವಾಗೋದು ಎರಡೂ ಕಷ್ಟವಾಗುವ ಸ್ಥಿತಿ ಅದು. ರ‍್ಯಾಝೀಸ್ ಆ ಪ್ರಶಸ್ತಿ ವಾಪಸ್ ತಗೊಂಡಿತು. ಮರುವರ್ಷ, ಅದು ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಅಂತ ಗೊತ್ತಾಯಿತು.

ಆಗ ಲಾಸ್ ಏಂಜಲೀಸ್ ಟೈಮ್ಸ್ ಮಾಡಿದ ವರದಿ ಓದಿದರೆ ಬೇಜಾರಾಗುತ್ತೆ. ಕಿವಿಯಲ್ಲಿ ಇಯರ್‌ಪೀಸ್ ಇಟ್ಟು ಡೈಲಾಗ್ ಹೇಳಿಕೊಡುತ್ತಿದ್ದರಂತೆ. 2020ರಲ್ಲೇ ಒಂದು ಸಿನಿಮಾದ ಡೈರೆಕ್ಟರ್ ರೈಟರ್‌ಗೆ ಮೇಲ್ ಹಾಕಿ, ಅವರ ಪಾತ್ರದಲ್ಲಿ ಸುಮಾರು ಐದು ಪುಟ ಕಡಿಮೆ ಮಾಡಿ, ಉದ್ದ ಮಾತು ಬೇಡ ಅಂದಿದ್ದರು. ಅವರು ಕೆಲಸ ಮಾಡಲೇಬಾರದಿತ್ತು ಅಂತ ನಾನು ಹೇಳ್ತಿಲ್ಲ, ಅದು ಅವರ ಮತ್ತು ಅವರ ಮನೆಯವರ ವಿಷಯ. ನಾನು ಹೇಳ್ತಿರೋದು ಈ ಫಾರ್ಮುಲಾ ಬಗ್ಗೆ. ಬೇಕಾಗಿರೋದು ಮುಖ ಮತ್ತು ಹೆಸರು ಮಾತ್ರ ಅಂತಾದಾಗ, ಆ ಮುಖದ ಹಿಂದಿನ ಮನುಷ್ಯ ಹೇಗಿದ್ದಾನೆ ಅಂತ ನಿಂತು ಕೇಳೋ ಅಗತ್ಯ ಯಾರಿಗೂ ಬೀಳಲ್ಲ. "ನಗೋಕೇ ನೋಡೋದು" ಅನ್ನೋರ ವಾದವೂ ನನಗೆ ಇಲ್ಲೇ ಕೈಕೊಡೋದು. ನಾವು ನಗೋದು ತೆರೆ ಮೇಲೆ ತಡವರಿಸೋ ಮನುಷ್ಯನನ್ನು ನೋಡಿ. ಪೋಸ್ಟರ್ ಮಾರಿದವನು ತೆರೆ ಮೇಲೆ ಇರೋದೇ ಇಲ್ಲ.

ಹಾಗಂತ ಇಂಗ್ಲಿಷ್‌ನಲ್ಲಿ ಇದೇ ಬಜೆಟ್‌ನಲ್ಲಿ ಎಲ್ಲವೂ ಹೀಗೇ ಅಂತಲ್ಲ. 2019ರ 'ಅವೆಂಜ್‌ಮೆಂಟ್' ನೋಡಿ. ಜೈಲಿಂದ ತಪ್ಪಿಸಿಕೊಂಡ ಒಬ್ಬ, ಒಂದು ಪಬ್‌ನಲ್ಲಿ ರೌಡಿಗಳನ್ನೆಲ್ಲ ಕೂರಿಸಿ ತನ್ನ ಕಥೆ ಹೇಳ್ತಾನೆ. ಪೋಸ್ಟರ್‌ನಲ್ಲಿರೋ ಸ್ಕಾಟ್ ಆಡ್ಕಿನ್ಸ್ ಶುರುವಿಂದ ಕೊನೆವರೆಗೂ ಸಿನಿಮಾದಲ್ಲಿದ್ದಾರೆ, ಫೈಟ್‌ಗಳನ್ನು ಮೈಮುರಿದು ಮಾಡಿದ್ದಾರೆ. ಕೊಟ್ಟ ಮಾತು ಉಳಿಸಿಕೊಂಡ ಸಿನಿಮಾ.

ಹಾಗೇ ಜಪಾನಿನದೆಲ್ಲ ಚಿನ್ನವೂ ಅಲ್ಲ. ಅಲ್ಲಿ ಒಂದು ಒಳ್ಳೆಯದಕ್ಕೆ ಎಷ್ಟೋ ಯಾಕುಜಾ ಸೀಕ್ವೆಲ್‌ಗಳು, ಒಂದರ ಜೆರಾಕ್ಸ್ ಇನ್ನೊಂದು. ನನಗೆ ಕ್ಷಮಿಸೋಕೆ ಆಗದ ದೋಷ ಅಂದ್ರೆ ಹೆಣ್ಣು ಪಾತ್ರಗಳು. ಈ ಇಡೀ ಜಾತಿಯ ಸಿನಿಮಾಗಳಲ್ಲಿ ಹೆಂಡತಿ, ಮಗಳು, ತಂಗಿ ಇರೋದು ಸಾಯೋಕೆ, ಇಲ್ಲ ಕಿಡ್ನ್ಯಾಪ್ ಆಗೋಕೆ. ಮೇಲೆ ಹೊಗಳಿದೆನಲ್ಲ, ಆ ಎರಡು ಸಿನಿಮಾ ಕೂಡ ಸತ್ತ ಮಗಳಿಂದಲೇ ಶುರುವಾಗೋದು. ಇದನ್ನು ಬಜೆಟ್ ತಲೆಗೆ ಕಟ್ಟೋಕಾಗಲ್ಲ. ಹೆಂಡತಿ ಪಾತ್ರಕ್ಕೆ ನಾಲ್ಕು ಒಳ್ಳೆ ಮಾತು ಬರೆಯೋಕೆ ಒಂದು ರೂಪಾಯಿಯೂ ಜಾಸ್ತಿ ಖರ್ಚಾಗಲ್ಲ.

ನಮ್ಮ ಕಡೆಗೆ ಬಂದರೆ, ಕೋವಿಡ್ ಸಮಯದಲ್ಲಿ, 2020ರ ಜುಲೈನಲ್ಲಿ, 'ಲಾ' ಅನ್ನೋ ಕನ್ನಡ ಕ್ರೈಮ್ ಥ್ರಿಲ್ಲರ್ ಥಿಯೇಟರ್ ಬಿಟ್ಟು ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು. ಅದರ ಹಿಂದೆಯೇ 'ಫ್ರೆಂಚ್ ಬಿರಿಯಾನಿ' ಬಂತು. ಅಂದ್ರೆ ಆ ದಾರಿ ಈಗ ಕನ್ನಡಕ್ಕೂ ತೆರೆದಿದೆ. ಆ ದಾರಿಯಲ್ಲಿ ಗೋಡೌನ್ ಸಿನಿಮಾಗಳು ಬರುತ್ತವೋ ಪೋಸ್ಟರ್ ಸಿನಿಮಾಗಳು ಬರುತ್ತವೋ ಅನ್ನೋದೇ ಪ್ರಶ್ನೆ. ಮೊದಲೇ ದುಡ್ಡು ಎತ್ತೋದು ತಪ್ಪಲ್ಲ. 2013ರ 'ಲೂಸಿಯಾ'ಗೆ ಪವನ್ ಕುಮಾರ್ ಜನರ ಹತ್ತಿರವೇ ಸುಮಾರು 50 ಲಕ್ಷ ಎತ್ತಿದರು. ಆದರೆ ಅವರು ಮುಂದಿಟ್ಟದ್ದು ಒಂದು ಐಡಿಯಾ, ಸ್ಟಾರ್ ಮುಖ ಅಲ್ಲ. ದುಡ್ಡು ಕೊಟ್ಟವರೇ ಆಮೇಲೆ ಕೂತು ನೋಡುವವರು ಅನ್ನೋ ಭಯವೂ ಇತ್ತು. ಕೆಲಸ ಮಾಡಿಸೋದು ಆ ಭಯವೇ.

ಫೆಸ್ಟ್‌ಗೆ ಶಾರ್ಟ್ ಫಿಲ್ಮ್ ಮಾಡ್ತಿರೋ ದೋಸ್ತ್‌ಗಳಿಗೆ ಕೊನೆಗೆ ಒಂದು ಮಾತು. ಪ್ರತಿ ವರ್ಷ ಸ್ಕ್ರೀನಿಂಗ್‌ಗೆ ಮೊದಲು ಯಾರಾದರೂ ಮೈಕ್ ಹಿಡಿದು "ಲೋ ಬಜೆಟ್ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ. ದಯವಿಟ್ಟು ಅನ್ನಬೇಡಿ. ಬಜೆಟ್ ಅನ್ನೋದು ಕ್ವೆಶ್ಚನ್ ಪೇಪರ್‌ನಲ್ಲಿ ಕೊಟ್ಟಿರೋ ಕಂಡೀಷನ್, ಅದನ್ನೇ ಉತ್ತರ ಅಂತ ಬರೆದರೆ ಮಾರ್ಕ್ಸ್ ಬರಲ್ಲ. ಒಂದು ಹಾಸ್ಟೆಲ್ ರೂಮ್, ಒಂದು ಟೆರೇಸ್, ಮೂರು ಜನ ಇದ್ದೀರಾ? ಆ ರೂಮಲ್ಲೇ ನಡೆಯಬೇಕಾದ ಕಥೆ ಹುಡುಕಿ. ಪೋಸ್ಟರ್ ಡಿಸೈನ್ ಮಾಡೋ ರಾತ್ರಿಗಳಲ್ಲಿ ಒಂದನ್ನು ಸ್ಕ್ರಿಪ್ಟ್‌ಗೆ ಕೊಡಿ.

ಮುಂದಿನ ಇಂಟರ್ನಲ್ಸ್ ಮುಗಿದ ಮೇಲೆ ಆ 1998ರ ಎರಡನ್ನೂ ಒಂದೇ ರಾತ್ರಿ ನೋಡಿ. ಮೊದಲು ಗೋಡೌನ್, ಆಮೇಲೆ ಮೀನು ಹಿಡಿಯೋ ಅಪ್ಪ. ಎರಡೂ ಸೇರಿ ಮೂರು ಗಂಟೆ ದಾಟಲ್ಲ. ಮತ್ತೆ ದಯವಿಟ್ಟು, 1ಎಕ್ಸ್‌ನಲ್ಲೇ ನೋಡಿ.