ಪೆಟ್ಟಿಗೆಯ ಹೊರಗುಳಿದ ಕ್ಯಾಮೆರಾ

ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಟ್ರಂಕು ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಡವೆ, ಕಾಗದಪತ್ರ, ರೇಷ್ಮೆ ಸೀರೆ ಬೀಗದೊಳಗೆ. ನೀರಿನ ಕೂಜೆ, ಹಾಸಿಗೆಯ ಸುರುಳಿ ಹೊರಗೆ. ಗುರುಗ್ರಹಕ್ಕೆ ನೌಕೆಯನ್ನು ಕಳುಹಿಸಿದ ವಿಜ್ಞಾನಿಗಳೂ ಇದೇ ಲೆಕ್ಕ ಹಾಕಿದರೆಂದು ತಿಳಿದು ನಮಗೆ ಸೋಜಿಗವಾಯಿತು.

ಅಮೆರಿಕದ ನಾಸಾ ಸಂಸ್ಥೆಯವರು 2011ರ ಆಗಸ್ಟಿನಲ್ಲಿ ಹಾರಿಸಿದ ‘ಜೂನೋ’ ನೌಕೆ 2016ರ ಜುಲೈಯಲ್ಲಿ ಗುರುವನ್ನು ತಲಪಿತು. ಅದು ಸುಖದ ಸ್ಥಳವಲ್ಲ. ಆ ಗ್ರಹದ ಕಾಂತಕ್ಷೇತ್ರ ಬಹು ಪ್ರಬಲ. ಅದರ ಹಿಡಿತಕ್ಕೆ ಸಿಕ್ಕಿದ ಇಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಸುತ್ತುತ್ತಿರುತ್ತವೆ. ಇವು ಯಂತ್ರದೊಳಗೆ ನುಗ್ಗಿದರೆ ಸಿಲಿಕಾನಿನ ಪರಮಾಣುಗಳು ಸ್ಥಾನಪಲ್ಲಟವಾಗುತ್ತವೆ. ಟ್ರಾನ್ಸಿಸ್ಟರಿನ ನಿರೋಧಕ ಪೊರೆಯಲ್ಲಿ ವಿದ್ಯುತ್ತು ಸಿಕ್ಕಿಕೊಂಡು, ಹರಿಯಬೇಕಾದಲ್ಲಿ ಹರಿಯದೆ ಹರಿಯಬಾರದಲ್ಲಿ ಹರಿಯುತ್ತದೆ. ಮರೆಯೊಂದಿಲ್ಲದಿದ್ದರೆ ಜೂನೋ ಹಲ್ಲಿನ ಡಾಕ್ಟರರ ಹತ್ತು ಕೋಟಿ ಎಕ್ಸ್‌ರೇಗಳಿಗೆ ಸಮನಾದ ವಿಕಿರಣವನ್ನು ಉಣ್ಣಬೇಕಾಗಿತ್ತಂತೆ!

ಆದ್ದರಿಂದ ನೌಕೆಯ ಮಿದುಳನ್ನೂ ಮುಖ್ಯ ಸಲಕರಣೆಗಳ ಇಲೆಕ್ಟ್ರಾನಿಕ್ ಭಾಗಗಳನ್ನೂ ಟೈಟೇನಿಯಂ ಲೋಹದ ಪೆಟ್ಟಿಗೆಯೊಂದರಲ್ಲಿಟ್ಟರು. ಗೋಡೆಯ ದಪ್ಪ ಸುಮಾರು 1 ಸೆಂಟಿಮೀಟರ್. ಒಟ್ಟು ಭಾರ ಸುಮಾರು 200 ಕಿಲೋಗ್ರಾಂ. ಎಕ್ಸ್‌ರೇ ಕೋಣೆಯಲ್ಲಿರುವಂತೆ ಸೀಸವನ್ನೇಕೆ ಬಳಸಲಿಲ್ಲವೆಂದು ಕೇಳಬಹುದು. ಸೀಸ ಮೆದು, ರಾಕೆಟ್ಟಿನ ಅದುರಾಟವನ್ನು ತಾಳುವುದಿಲ್ಲ.

ಆದರೆ ನೋಡಬೇಕಾದ ಕಣ್ಣನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದೆಂತು? ‘ಜೂನೋಕ್ಯಾಮ್’ ಎಂಬ ಬಣ್ಣದ ಕ್ಯಾಮೆರಾ ಹೊರಗೇ ಉಳಿಯಿತು. ಅದನ್ನು ಜೋಡಿಸಿದ್ದೂ ಮುಖ್ಯವಾಗಿ ನಮ್ಮಂಥ ಸಾಮಾನ್ಯ ಜನರು ನೋಡಿ ಸಂತೋಷಪಡಲೆಂದು. ಎಂಟು ಸುತ್ತು ಬಾಳಿದರೆ ಸಾಕೆಂದಿದ್ದರು. ಅದೋ ನಲವತ್ತಕ್ಕೂ ಹೆಚ್ಚು ಸುತ್ತು ದುಡಿಯಿತು! 47ನೆಯ ಸುತ್ತಿನ ವೇಳೆಗೆ ಚಿತ್ರಗಳು ಕೆಡತೊಡಗಿದವು. ವಿದ್ಯುತ್ತನ್ನು ಹದದಲ್ಲಿಡುವ ಬಿಡಿಭಾಗವೊಂದು ವಿಕಿರಣದಿಂದ ಹಾಳಾಗಿರಬೇಕೆಂದು ಊಹಿಸಿದರು. ಕೋಟ್ಯಂತರ ಮೈಲಿ ಆಚೆ ಇರುವುದನ್ನು ಬಿಚ್ಚಿ ರಿಪೇರಿ ಮಾಡುವವರು ಯಾರು?

ಕಮ್ಮಾರನು ಲೋಹವನ್ನು ಕಾಯಿಸಿ ನಿಧಾನವಾಗಿ ಆರಬಿಡುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಅದರಿಂದ ಲೋಹದ ಒಳಗಿನ ಬಿಗುವು ಇಳಿಯುತ್ತದೆ. ಅದೇ ಉಪಾಯವನ್ನು ಇಲ್ಲಿ ಪ್ರಯೋಗಿಸಿದರು. ಕ್ಯಾಮೆರಾದ ಪುಟ್ಟ ಹೀಟರಿಗೆ ಇಲ್ಲಿಂದಲೇ ಆಜ್ಞೆ ಕಳುಹಿಸಿ 25 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡಿದರು. ಮುಂಬಯಿಯವರಾದ ನಮಗೆ ಅದು ಸೆಕೆಯೇ ಅಲ್ಲವೆನ್ನಿ. ಆ ಕ್ಯಾಮೆರಾಕ್ಕೆ ಅಷ್ಟೇ ಬಹಳ. ಫಲಿಸುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಫಲಿಸಿತು. ಚಿತ್ರಗಳು ತಿಳಿಯಾದವು.

ಆದರೆ 55ನೆಯ ಸುತ್ತಿನ ವೇಳೆಗೆ ಮತ್ತೆ ಗೆರೆ, ಮತ್ತೆ ಕಲೆ. ಗುರುವಿನ ಉಪಗ್ರಹವಾದ ಅಯೋದ ಹತ್ತಿರ ಹಾಯುವ ದಿನ, 2023ರ ಡಿಸೆಂಬರ್ 30, ಸಮೀಪಿಸುತ್ತಿತ್ತು. ಚಿತ್ರಗಳನ್ನು ತಿದ್ದುವ ಯಾವ ವಿಧಾನವೂ ನಡೆಯದಿರಲು, ಹೀಟರನ್ನು ಅದರ ಪೂರ್ಣ ಶಕ್ತಿಗೆ ಏರಿಸಿದರು. ಮೊದಲ ವಾರ ಗುಣ ಕಾಣಲಿಲ್ಲ. ಆ ಮನೆಯವರು ಉಸಿರು ಬಿಗಿಹಿಡಿದು ಕುಳಿತಿರಬೇಕು. ಕೊನೆಯ ಕೆಲವೇ ದಿನಗಳಲ್ಲಿ ಚಿತ್ರಗಳು ಒಮ್ಮೆಲೆ ಸುಧಾರಿಸಿದವು. ಅಂದು ಜೂನೋ ಅಯೋದಿಂದ ಸುಮಾರು 1,500 ಕಿಲೋಮೀಟರ್ ದೂರದಲ್ಲಿ, ಎಂದರೆ ಮುಂಬಯಿಯಿಂದ ದಿಲ್ಲಿಗಿರುವ ರೈಲುದಾರಿಗಿಂತ ತುಸುವೇ ಹೆಚ್ಚು ದೂರದಲ್ಲಿ, ಹಾದುಹೋಯಿತು. ಉತ್ತರ ಧ್ರುವದೆಡೆಯ ಹಿಮ ಮೆತ್ತಿದ ಬೆಟ್ಟಗಳೂ ಅದುವರೆಗೆ ನಕ್ಷೆಯಲ್ಲಿಲ್ಲದ ಜ್ವಾಲಾಮುಖಿಗಳೂ ಹೆಚ್ಚುಕಡಿಮೆ ಕ್ಯಾಮೆರಾ ಹೊಸದಾಗಿದ್ದಾಗಿನಷ್ಟು ಸ್ಪಷ್ಟವಾಗಿ ಮೂಡಿಬಂದವು. ಆ ಹಿಮವು ನೀರಿನದಲ್ಲ, ಗಂಧಕದ ಡೈಆಕ್ಸೈಡಿನದು.

ಬಳಿಕ ನೌಕೆಯ ಇತರ ಸಲಕರಣೆಗಳಿಗೂ ಈ ಬಿಸಿಯ ಚಿಕಿತ್ಸೆ ನಡೆಯಿತು. ಕ್ಯಾಮೆರಾದ ಚಿತ್ರಗಳಲ್ಲಿ ಮಾತ್ರ 74ನೆಯ ಸುತ್ತಿನಲ್ಲಿ, 2025ರಲ್ಲಿ, ಮತ್ತೆ ಕಲೆಗಳು ಕಾಣಿಸಿಕೊಂಡವು.