ಬೋಟ್ ಕಾಂಬ ಮೊದ್ಲು ವರ್ಕ್‌ಶಾಪ್ ಕಾಣಿ

ಹೊಸ ಬೋಟ್ ತಕಂಬವರೆಲ್ಲ ಬೋಟನ್ನೇ ಕಾಂತ್ರು. ನಾನು ಹೇಳೂದು, ಮೊದಲು ಮಾರುವವನ ಹಿತ್ತಿಲು ಕಾಣ್ಕು. ಅಂಗಡಿ ಎದುರು ಪಳಪಳ ಹೊಳೀತಾ ನಿಂತ ಬೋಟ್ ಯಾವುದಾದ್ರೂ ಚಂದವೇ. ಅಂಗಡಿ ಹಿಂದೆ ರಿಪೇರಿಗೆ ಬಂದು ಕೂತದ್ದು ಎಷ್ಟು, ಎಷ್ಟು ದಿನದಿಂದ ಕೂತಿದೆ, ಆ ಲೆಕ್ಕದಲ್ಲಿ ಇಪ್ಪುದು ಆ ವ್ಯಾಪಾರದ ಸತ್ಯ.

ಒಲೆ ಮುಂದೆ ಇಪ್ಪ ಹೆಂಗಸಿಗೆ ಬೋಟಿನ ಉಸಾಬರಿ ಎಂತಕ್ಕೆ ಅಂತ ಕೇಂಬವರಿಗೆ ಮೊದಲೇ ಹೇಳ್ತೆ. ನನ್ನ ತವರು ಗಂಗೊಳ್ಳಿ. ಅಣ್ಣನ ನಾಡದೋಣಿಗೆ ಔಟ್‌ಬೋರ್ಡ್ ಇಂಜಿನ್ ಕೂರಿಸಿದ ಮೇಲೆ ನಮ್ಮನೆಯಲ್ಲಿ ಉಂಬ ಹೊತ್ತಿಗೆ ಬಂಗ್ಡೆ ಮಾತಿಗಿಂತ ಇಂಜಿನ್ ಮಾತೇ ಹೆಚ್ಚು. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ ಇಪ್ಪಾಗ 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಕಡಲಿಗೆ ಇಳೀಲಿಕ್ಕೆ ಅವಕಾಶ. ಆ ಎರಡು ತಿಂಗಳಲ್ಲಿ ಇಂಜಿನ್ ಒಂದು ದಿನ ಮಲಗಿದ್ರೆ ಒಂದು ದಿನದ ಅನ್ನ ಹೋಯ್ತು ಅಂತಲೇ ಲೆಕ್ಕ. ಇಂಜಿನ್ ಯಾವ ಕಂಪನಿದು ಅನ್ನೂದಕ್ಕಿಂತ ಬಿಚ್ಚಿ ಕಾಂಬವ ಎಷ್ಟು ಹತ್ರ ಇದ್ದ ಅನ್ನೂದು ದೊಡ್ಡದು ಅಂತ ನಾನು ಕಲ್ತದ್ದು ಅಲ್ಲೇ.

ಈಗ ನಮ್ಮ ಮಾಣಿ ಇಪ್ಪುದು ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಹತ್ರ. ಎರಡು ವರ್ಷಕ್ಕೊಮ್ಮೆ ನಾನು ಹೋಗಿ ಐದಾರು ತಿಂಗಳು ಇದ್ದು ಬತ್ತೆ. ಅವನಿಗೆ ಬ್ಯಾಸ್ ಮೀನಿನ ಹುಚ್ಚು. ಮನೆಯಿಂದ ಕಾರಲ್ಲಿ ಪೂರ್ವಕ್ಕೆ ಒಂದೂವರೆ ಗಂಟೆ ಹೋದ್ರೆ ಲೇಕ್ ಫೋರ್ಕ್ ಅಂತ ಸುಮಾರು 27,000 ಎಕರೆಯ ಜಲಾಶಯ. ಟೆಕ್ಸಾಸ್ ರಾಜ್ಯದ ದಾಖಲೆಯ ಬ್ಯಾಸ್, 18.18 ಪೌಂಡ್ ತೂಗಿದ್ದು, 1992ರಲ್ಲಿ ಸಿಕ್ಕಿದ್ದು ಅಲ್ಲೇ. ನಮ್ಮ ಲೆಕ್ಕದಲ್ಲಿ ಎಂಟು ಕಿಲೋ ಮೇಲೆ. ಅಲ್ಲಿ 16 ಇಂಚಿಗಿಂತ ದೊಡ್ಡದು, 24 ಇಂಚಿಗಿಂತ ಸಣ್ಣದು ಸಿಕ್ಕಿದ್ರೆ ವಾಪಸ್ ನೀರಿಗೆ ಬಿಡ್ಕು ಅಂತ ಕಾನೂನು. ಒಳ್ಳೇ ಸಾರಿಗೆ ಅಪ್ಪಂಥ ಮೀನನ್ನ ಹಿಡಿದು ಬಿಟ್ಟು ಬಪ್ಪುದಕ್ಕೆ ಇಷ್ಟು ದುಡ್ಡಿನ ಬೋಟಾ ಅಂತ ಕೇಳಿದ್ರೆ, "ಅಮ್ಮ, ಅದ್ ಊಟಕ್ಕಲ್ಲ" ಅಂತ. ಇರ್ಲಿ, ಅವರವರ ಹುಚ್ಚು ಅವರವರಿಗೆ.

ಈ ಸಲ ಬೋಟ್ ತಕಂಬುಕೆ ಹೊರಟದ್ದು ಅವನ ಆಫೀಸಿನ ಸ್ನೇಹಿತ, ದಾವಣಗೆರೆ ಕಡೆಯ ಹುಡುಗ. ಶನಿವಾರ ಬಂತು ಅಂದ್ರೆ ಇಬ್ಬರೂ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಕಂಡು ಬೋಟ್ ಬೋಟ್ ಹೋಲಿಸ್ತಾ ಕೂತಿರ್ತ್ರು. ನೀರ್ದೋಸೆ ಹಾಕ್ತಾ ಹಾಕ್ತಾ ಎಲ್ಲ ನನ್ನ ಕಿವಿಗೂ ಬಿತ್ತು.

ಹೋಲಿಸೂದೇ ಬೇಡ ಅಂತ ನಾನು ಹೇಳ್ತಿಲ್ಲ. ಮುಖ್ಯವಾಗಿ ಎರಡು ಜಾತಿ. ಅಲ್ಯೂಮಿನಿಯಂ ಬೋಟ್ ಹೆಚ್ಚಾಗಿ 16ರಿಂದ 18 ಅಡಿ. ಹಗುರ, ಸಣ್ಣ ಇಂಜಿನ್ ಸಾಕು, ಸಾಧಾರಣ ಗಾಡಿಯೂ ಎಳೀತದೆ. ಫೈಬರ್ ಬೋಟ್ 18ರಿಂದ 21 ಅಡಿ, 150ರಿಂದ 250 ಎಚ್‌ಪಿ ಇಂಜಿನ್. ಗಾಳಿಗೆ ಅಲೆ ಎದ್ದಾಗ ಫೈಬರಿನಷ್ಟು ಸುಖವಾಗಿ ಅಲ್ಯೂಮಿನಿಯಂ ಹೋಪುದಿಲ್ಲ. ಆದ್ರೆ ಫೈಬರಿಗೆ ಭಾರವೂ ಜಾಸ್ತಿ, ಬೆಲೆಯೂ ಜಾಸ್ತಿ. ಲೇಕ್ ಫೋರ್ಕಿನಲ್ಲಿ ಮತ್ತೊಂದು ವಿಷಯ ಇದೆ. 1980ರಲ್ಲಿ ಅಲ್ಲಿ ನೀರು ನಿಲ್ಲಿಸುವಾಗ ಮರಗಳನ್ನ ಪೂರ್ತಿ ಕಡೀದೆ ಬಿಟ್ಟದ್ದು, ಈಗಲೂ ನೀರಿನ ಅಡಿಯಲ್ಲಿ ಬೊಡ್ಡೆಗಳು ನಿಂತೇ ಇದ್ದಾವೆ. ಬೊಡ್ಡೆಗೆ ಬಡಿದ್ರೆ ಅಲ್ಯೂಮಿನಿಯಂ ನೆಗ್ಗುತ್ತದೆ, ಫೈಬರ್ ಬಿರಿಯುತ್ತದೆ. ಇಂಜಿನ್ನಿನ ಕೆಳಭಾಗ, ಪ್ರೊಪೆಲ್ಲರ್, ಎರಡರಲ್ಲೂ ಪೆಟ್ಟು ತಿನ್ನುತ್ತದೆ. ಬೋಟ್ ಯಾವುದೇ ಆಗ್ಲಿ, ರಿಪೇರಿಯವನ ಮುಖ ಕಾಂಬುದು ತಪ್ಪೂದಿಲ್ಲ.

ಇನ್ನು ಕಂಪನಿ ಹೆಸರಿನ ಜಗಳ. ಒಬ್ಬ ಟ್ರ್ಯಾಕರ್ ಅಂತ, ಇನ್ನೊಬ್ಬ ರೇಂಜರ್ ಅಂತ, ನಡುವೆ ನೈಟ್ರೋ, ಟ್ರೈಟನ್. ಕಡೆಗೆ ಕಂಡ್ರೆ ಈ ನಾಲ್ಕೂ ಈಗ ಒಂದೇ ಯಜಮಾನರದ್ದು, ಬ್ಯಾಸ್ ಪ್ರೋ ಅಂಗಡಿಯವರದ್ದು. ರೇಂಜರ್ 1968ರಲ್ಲಿ ಆರ್ಕನ್ಸಾದ ಫ್ಲಿಪ್ಪಿನ್ ಅಂಬ ಸಣ್ಣ ಊರಲ್ಲಿ ಫಾರೆಸ್ಟ್ ವುಡ್ ಅನ್ನುವವರು ಶುರು ಮಾಡಿದ್ದು. ಟ್ರ್ಯಾಕರ್ 1978ರದ್ದು, ಬೋಟ್, ಇಂಜಿನ್, ಟ್ರೈಲರ್ ಮೂರನ್ನೂ ಒಂದೇ ಗಂಟು ಕಟ್ಟಿ ಒಂದೇ ಬೆಲೆಗೆ ಕೊಟ್ಟು ಹೆಸರು ಮಾಡಿದ್ದು. ಸ್ಕೀಟರ್ ಇವಕ್ಕಿಂತ ಹಳತು, ಈಗ ಯಮಹಾದವರ ಕೈಯಲ್ಲಿ ಇಪ್ಪುದು. ಎಲ್ಲವೂ ಹೆಸರುವಾಸಿಯೇ. ಒಂದೇ ಅಕ್ಕಿಯಲ್ಲಿ ದೋಸೆ ಚಲೋದಾ ಕಡುಬು ಚಲೋದಾ ಅಂತ ಜಗಳ ಆಡಿದಂಗೆ ಇದು.

ಈ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಒಂದೇ. ಕೆಟ್ಟರೆ ಯಾರು ಸರಿ ಮಾಡ್ತ್ರು, ಎಷ್ಟು ದಿನಕ್ಕೆ?

ನಮ್ಮ ಮಾಣಿಯ ಬೋಟಿನ ಕತೆ ಇದಕ್ಕೆ ಸಾಕ್ಷಿ. ಮೂರು ವರ್ಷದ ಹಿಂದೆ ಹೊಸ ಫೈಬರ್ ಬೋಟ್ ತಂದ. ಎರಡೂವರೆ ಗಂಟೆ ದೂರದ ಡೀಲರ್, ಹತ್ತಿರದವನಿಗಿಂತ ಸಾವಿರದೆಂಟುನೂರು ಡಾಲರ್ ಕಮ್ಮಿ. ಸಾಲ ಹನ್ನೆರಡು ವರ್ಷದ್ದು. ನಾಲ್ಕನೇ ಸಲ ನೀರಿಗೆ ಇಳಿಸಿದ ದಿನ ಮೊಮ್ಮಗನೂ ಬೋಟಲ್ಲಿದ್ದ, ಅವನಿಗಾಗ ಏಳು ವರ್ಷ. ಸರೋವರದ ನಡುವೆ ಇಂಜಿನ್ ದಮ್ಮು ಕಟ್ಟಿದಂಗೆ ಕೆಮ್ಮಿ ನಿಂತಿತು. ಪಶ್ಚಿಮದಲ್ಲಿ ಗುಡುಗು ಶುರುವಾಗಿತ್ತು. ಟೆಕ್ಸಾಸಿನಲ್ಲಿ ಹದಿಮೂರು ತುಂಬದ ಮಕ್ಕಳಿಗೆ ಬೋಟ್ ಹೋಪಾಗ ಲೈಫ್ ಜಾಕೆಟ್ ಕಡ್ಡಾಯ, ಹಾಗಾಗಿ ಅದೊಂದು ಮೈಮೇಲಿತ್ತು. ಮೀನಿನ ಹಿಂದೆ ಮೆಲ್ಲಗೆ ಹೋಪುಕೆ ಅಂತ ಎದುರಿಗಿಟ್ಟ ಸಣ್ಣ ಬ್ಯಾಟರಿ ಮೋಟಾರಲ್ಲೇ ಮುಕ್ಕಾಲು ಗಂಟೆ ತೆವಳಿ ದಡ ಸೇರಿದ್ರು. ಮಳೆ ಹೊಡೀತಾ ಇತ್ತು. ಮಾಣಿ ಮನೆಗೆ ಬಂದವ ಆ ರಾತ್ರಿ ಊಟ ಮಾಡ್ಲಿಲ್ಲ.

ಡೀಲರಿಗೆ ಫೋನ್ ಮಾಡಿದ್ರೆ "ತಂದು ಬಿಟ್ಟು ಹೋಗಿ" ಅಂದ್ರು. ಅದು ಮೇ ತಿಂಗಳು. ಮಾರುವಾಗ ದಿನಕ್ಕೆ ನಾಲ್ಕು ಸಲ ಮೆಸೇಜ್ ಹಾಕ್ತಿದ್ದ ಸೇಲ್ಸಿನವ ಆಮೇಲೆ ಫೋನೇ ಎತ್ತಲಿಲ್ಲ. ಮೂರು ವಾರ ಯಾರೂ ಮುಚ್ಚಳ ತೆಗೆದು ಕಾಣ್ಲಿಲ್ಲ. ಕಂಡ ಮೇಲೆ "ಇಂಜಿನ್ ಸರಿ ಇದೆ, ತೊಂದರೆ ಪೆಟ್ರೋಲ್ ಬಪ್ಪ ದಾರಿಯಲ್ಲಿ, ಅದು ಬೋಟ್ ಕಂಪನಿಗೆ ಸೇರಿದ್ದು" ಅಂತ. ಬೋಟ್ ಕಂಪನಿಯವರು "ಡೀಲರ್ ಬರೆದು ಕಳಿಸ್ಕು" ಅಂತ. ಟ್ಯಾಂಕಿಂದ ಪೆಟ್ರೋಲ್ ಬಪ್ಪಲ್ಲಿ ಇಪ್ಪ ಬೆರಳುದ್ದದ ಒಂದು ವಾಲ್ವ್ ಸಿಕ್ಕಿಕೊಂಡದ್ದು, ಅಷ್ಟೇ. ಅದಕ್ಕೆ ಒಂಬತ್ತು ವಾರ. ಸಾಲದ ಕಂತು ಮಾತ್ರ ಒಂದು ದಿನವೂ ತಪ್ಪದೆ ಹೋಯ್ತು. ಉಳಿಸಿದ ಸಾವಿರದೆಂಟುನೂರು ಎಲ್ಲಿ ಹೋಯ್ತು ಅಂತ ನೀವೇ ಲೆಕ್ಕ ಹಾಕಿ.

ಹೀಗಾಗುವುದಕ್ಕೆ ಕಾರಣ ಇದೆ. ಬೋಟಿಗೆ ಒಂದೇ ವಾರಂಟಿ ಅಂತ ನಾವು ತಿಳ್ಕಂಬುದು. ಹಾಗಲ್ಲ. ಬೋಟಿನ ಮೈಗೆ ಬೋಟ್ ಕಂಪನಿದು, ಇಂಜಿನ್ನಿಗೆ ಇಂಜಿನ್ ಕಂಪನಿದು, ಸಣ್ಣ ಮೋಟಾರಿಗೆ, ಮೀನು ತೋರಿಸುವ ಪರದೆಗೆ, ಟ್ರೈಲರಿಗೆ ಅವರವರದ್ದು. ಮರ್ಕ್ಯುರಿ, ಯಮಹಾ ಇಂಜಿನ್ನುಗಳಿಗೆ ಮನೆಮಂದಿಯ ಉಪಯೋಗಕ್ಕಾದ್ರೆ ಸಾಮಾನ್ಯವಾಗಿ ಮೂರು ವರ್ಷ ಕೊಡ್ತ್ರು, ಆದ್ರೆ ಆ ಕೆಲಸ ಕಂಪನಿ ಒಪ್ಪಿದ ವರ್ಕ್‌ಶಾಪಿನಲ್ಲೇ ಆಯ್ಕು. ವಾರಂಟಿ ಕೆಲಸಕ್ಕೆ ಕಂಪನಿ ಕೊಡುವ ಕೂಲಿ ಸಾಮಾನ್ಯವಾಗಿ ಗಿರಾಕಿ ಕೈಯಿಂದ ಕೊಡುವುದಕ್ಕಿಂತ ಕಮ್ಮಿ. ಕೈಯಿಂದ ಕೊಡುವ ಕೂಲಿ ಗಂಟೆಗೆ ನೂರು ಡಾಲರಿಗೆ ಕಮ್ಮಿ ನಾನು ಎಲ್ಲೂ ಕಂಡಿಲ್ಲ. ಅಂದಮೇಲೆ ಸಾಲಿನಲ್ಲಿ ಹಿಂದೆ ಬೀಳೂದು ಯಾರ ಬೋಟ್? ವಾರಂಟಿಯ ಬೋಟ್. ಅದರಲ್ಲೂ ಮಾರ್ಚ್‌ನಿಂದ ಜೂನ್‌ವರೆಗೆ ಎಲ್ಲರ ಬೋಟೂ ಒಟ್ಟಿಗೇ ನೀರಿಗೆ ಇಳೀತದೆ, ಒಟ್ಟಿಗೇ ಕೆಡ್ತದೆ. ಮೆಕ್ಯಾನಿಕ್ ಇಪ್ಪುದು ಇಬ್ಬರೋ ಮೂವರೋ. ಬೆವರು ಒರಸ್ಕಂತಾ ಇಂಜಿನ್ ಒಳಗೆ ಕೈ ಹಾಕಿ ನಿಂತ ಹುಡುಗರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಹತ್ತು ಬೋಟ್ ಮಾರಿ ಒಬ್ಬ ಮೆಕ್ಯಾನಿಕ್ಕನ್ನೂ ಹೆಚ್ಚು ಇಡದ ಯಜಮಾನನ ಮೇಲೆ ಸಿಟ್ಟು.

ಆದ ಕಾರಣ ದಾವಣಗೆರೆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಭಾನುವಾರ ಹೋಗ್ಬೇಡ, ಅವತ್ತು ಕಾಂಬುಕೆ ಸಿಕ್ಕೂದು ಸೇಲ್ಸಿನವರ ನಗು ಮಾತ್ರ. ವಾರದ ನಡುವೆ ಬೆಳಿಗ್ಗೆ ಹೋಗು. ಅಂಗಡಿ ಒಳಗೆ ಕಾಲಿಡುವ ಮೊದಲು ಹಿಂದಿನ ಅಂಗಳಕ್ಕೆ ಒಂದು ಸುತ್ತು ಹಾಕು. ರಿಪೇರಿಗೆ ಬಂದ ಬೋಟಿನ ಟ್ರೈಲರ್ ಚಕ್ರದ ಬುಡದಲ್ಲಿ ಹುಲ್ಲು ಬೆಳೆದಿದ್ರೆ ಅಲ್ಲಿಂದಲೇ ತಿರುಗಿ ಬಾ. ಇಲ್ಲದಿದ್ರೆ ಸರ್ವಿಸ್ ಕೌಂಟರಿಗೆ ಹೋಗಿ, "ನಾನು ಇವತ್ತು ಬೋಟ್ ತಂದ್ರೆ ಎಷ್ಟು ದಿನಕ್ಕೆ ಕೈ ಹಾಕ್ತೀರಿ?" ಅಂತ ಕೇಳು. ಆ ಇಂಜಿನ್ ಕಂಪನಿಯಲ್ಲಿ ತರಬೇತಿ ಆದ ಮೆಕ್ಯಾನಿಕ್ ಎಷ್ಟು ಜನ ಅಂತ ಕೇಳು. ಅಲ್ಲೇ ರಿಪೇರಿಗೆ ಕಾದು ನಿಂತ ಗಿರಾಕಿ ಹತ್ರ ಎರಡು ಮಾತಾಡು. ಡೀಲರ್ ಹೇಳದ್ದನ್ನ ಅವ ಹೇಳ್ತ.

ಬೆಲೆ ಮಾತಾಡುವಾಗ ಚೀಟಿಯಲ್ಲಿ ಬರೆದ ಬೆಲೆ ಬೇರೆ, ಸಾಗಾಟ, ತಯಾರಿ, ಕಾಗದಪತ್ರ ಅಂತ ಕಡೆಗೆ ಸೇರಿಸೂದು ಬೇರೆ. ಎಲ್ಲ ಸೇರಿಸಿ ಮನೆ ಬಾಗಿಲಿಗೆ ಎಷ್ಟು ಅಂತ ಬರೆಸ್ಕೋ. ಪೂರ್ತಿ ದುಡ್ಡು ಕೊಡುವ ಮೊದಲು ನೀರಿಗೆ ಇಳಿಸಿ, ನೀನೇ ಕೂತು ಓಡಿಸಿ ಕಾಣು. ಯಮಹಾ ಆದ್ರೆ 20 ಗಂಟೆ ಓಡಿದ ಮೇಲೆ ಮೊದಲ ಸರ್ವಿಸ್, ಆಮೇಲೆ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ. ಆ ಮೊದಲ ಸರ್ವಿಸಿನ ದಿನವನ್ನ ಬೋಟ್ ತಕಂಬ ದಿನವೇ ಗೊತ್ತು ಮಾಡ್ಕೋ. ನೀರಲ್ಲಿ ಇಪ್ಪ ಎಮ್ಮೆಗೆ ವ್ಯಾಪಾರ ಮಾಡ್ಬೇಡ.

ಅವ ನಕ್ಕ. "ಅಮ್ಮಾರ, ದೂರದಾಂವ ಎರಡು ಸಾವಿರ ಕಡಿಮಿ ಕೊಡ್ತಾನ್ರಿ. ಸರ್ವಿಸ್ ಹತ್ರದಾಂವನ ಕಡೆ ಮಾಡಿಸಿದ್ರಾತು" ಅಂದ. ಕೇಂಬುಕೆ ಸರಿಯಾದ ಮಾತೇ. ಆದ್ರೆ ಹತ್ತಿರದವ ಎಂತಕ್ಕೆ ಮಾಡಿ ಕೊಡ್ಕು? ಎಷ್ಟೋ ಡೀಲರುಗಳು ತಾವು ಮಾರಿದ ಬೋಟಿಗೇ ಮೊದಲ ಮಣೆ ಹಾಕೂದು. ಬೇರೆಲ್ಲೋ ತಕಂಡದ್ದು ಬಂದ್ರೆ ಕಡೆ ಪಂಕ್ತಿ. ನಾವಾದ್ರೂ ಹಾಗೇ ಮಾಡ್ತಿದ್ದಿತ್ತು. ವರ್ಷಪೂರ್ತಿ ಮೀನು ಇನ್ನೊಬ್ಬಳ ಹತ್ರ ತಕಂಡು, ಹಬ್ಬದ ಮಾರನೇ ದಿನ ಮಾತ್ರ ಬಂದು ಒಳ್ಳೇ ಅಂಜಲ್ ಕೊಡು ಅಂದ್ರೆ ಯಾವ ಮೀನಿನವಳು ಕೊಡ್ತಳು?

ಗಿರಾಕಿಗಳ ಕಡೆಯದ್ದೂ ಒಂದು ಮಾತಿದೆ. ಬೋಟಿಗೆ ಆಗದ ಪೆಟ್ರೋಲ್ ತುಂಬಿಸಿ, ಆರು ತಿಂಗಳು ಮೂಲೆಗೆ ತಳ್ಳಿ, ಸರ್ವಿಸಿನ ದಿನ ದಾಟಿಸಿ, ನಾಳೆ ಶನಿವಾರ ಅಂದಾಗ ಡೀಲರ್ ಎದುರು ಹೋಗಿ ಗಂಟಲು ಹರ್ಕಂಬವರನ್ನೂ ನಾನು ಕಂಡಿದ್ದೆ. ಅದು ನ್ಯಾಯ ಅಲ್ಲ. ಜನವರಿಯಲ್ಲೇ ಕೊಟ್ಟು ಮಾಡಿಸಿದ್ರೆ ಅವರಿಗೂ ಕೈ ಖಾಲಿ, ನಮಗೂ ಬೇಗ. ಮಿಕ್ಸಿ ಆಗ್ಲಿ ಬೋಟ್ ಆಗ್ಲಿ, ಚೌತಿಯ ಹಿಂದಿನ ದಿನ ತಕಂಡು ಹೋಗಿ ಈಗಲೇ ಕೊಡಿ ಅಂದ್ರೆ ಯಾರ ಕೈಲೂ ಆಪುದಲ್ಲ.

ಗಂಡಸರಿಗೆ ಬೋಟ್ ಅಂದ್ರೆ ವೇಗ, ಬಣ್ಣ, ಎಚ್‌ಪಿ. ಮನೆಯಲ್ಲಿ ಕೂತ ನಮಗೆ ಬೋಟ್ ಅಂದ್ರೆ ಹೋದವರು ಹೊತ್ತಿಗೆ ಸರಿಯಾಗಿ ತಿರುಗಿ ಬಪ್ಪುದು. ಗಂಗೊಳ್ಳಿಯಲ್ಲೂ ಅದೇ, ಟೆಕ್ಸಾಸಿನಲ್ಲೂ ಅದೇ. ಮಗನೋ ಅಳಿಯನೋ ಬೋಟ್ ತಕಂಬುಕೆ ಹೊರಟ್ರೆ ನೀವೂ ಕಾರು ಹತ್ತಿ. ನಿಮಗೆ ಇಂಗ್ಲಿಷ್ ಬಾರದಿದ್ರೂ ಅಡ್ಡಿಯಿಲ್ಲ. ಅವರು ಒಳಗೆ ಎಚ್‌ಪಿ ಲೆಕ್ಕ ಹಾಕ್ತಾ ಇಪ್ಪಾಗ ನೀವು ಹಿತ್ತಿಲಿಗೆ ಹೋಗಿ ಚಕ್ರದ ಬುಡದ ಹುಲ್ಲು ಎಷ್ಟುದ್ದ ಕಂಡು ಬನ್ನಿ.